ಬಾಂಬ್ ತಯಾರಿಸಿ ಉಳಿದ ವಿಕಿರಣ ತ್ಯಾಜ್ಯ: ಅದನ್ನು ಸುರಕ್ಷಿತವಾಗಿ ವಿಲೇವಾರಿ ಮಾಡಲು ಆಗುತ್ತಾ?

ಪ್ರಶ್ನೆ: ಅಣುಬಾಂಬ್ ತಯಾರಿಕೆಯಲ್ಲಿ ಉಳಿಯುವ ವಿಕಿರಣ ತ್ಯಾಜ್ಯ ಸಾವಿರಾರು ವರ್ಷ ಹಾಗೇ ಇರುತ್ತದೆ ಎಂದು ಓದಿದ್ದೇನೆ. ಅದನ್ನು ಗಾಜಿನ ಜೊತೆ ಕರಗಿಸಿ ನೆಲದಾಳದಲ್ಲಿ ಹೂಳುತ್ತಾರಂತೆ. ಅಷ್ಟು ಮಾಡಿದರೆ ಸಾಕಾ? ರಾಕೆಟ್‌ನಲ್ಲಿ ತುಂಬಿ ಸೂರ್ಯನ ಕಡೆ ಕಳಿಸಿಬಿಟ್ಟರೆ ಆಗುವುದಿಲ್ಲವಾ? ಹತ್ತು ಸಾವಿರ ವರ್ಷ ಆದ ಮೇಲೆ ಬರುವ ಜನಕ್ಕೆ ಅಲ್ಲಿ ಏನಿದೆ ಅಂತ ತಿಳಿಯುವುದಾದರೂ ಹೇಗೆ?

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಸುರಕ್ಷಿತ ವಿಲೇವಾರಿ ಸಾಧ್ಯ. ತ್ಯಾಜ್ಯವನ್ನು ಗಟ್ಟಿ ರೂಪಕ್ಕೆ ತಂದು, ನೀರು ಹರಿಯದ ಆಳದ ಪದರದಲ್ಲಿ ಇಡುವ ವಿಧಾನ ನಮಗೆ ಗೊತ್ತಿದೆ. ಸ್ವಲ್ಪ ಭಾಗಕ್ಕೆ ಆ ಕೆಲಸ ಈಗಾಗಲೇ ನಡೆದಿದೆ. ತೊಡಕು ಇರುವುದು ಬೇರೆ ಕಡೆ. ಬಾಂಬ್ ಕಾರ್ಖಾನೆಗಳ ತ್ಯಾಜ್ಯದಲ್ಲಿ ಬಹಳಷ್ಟು ಇನ್ನೂ ಆ ಗಟ್ಟಿ ರೂಪಕ್ಕೆ ಬಂದಿಲ್ಲ. ಹಳೆಯ ಟ್ಯಾಂಕುಗಳಲ್ಲಿ ದ್ರವವಾಗಿ, ಕೆಸರಾಗಿ, ಉಪ್ಪಿನ ಹೆಪ್ಪಾಗಿ ಕೂತಿದೆ. ಅದರಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ಎನ್ನುವುದು ಸುರಿದವರಿಗೂ ಪೂರ್ತಿ ಗೊತ್ತಿರಲಿಲ್ಲ. ಹತ್ತು ಸಾವಿರ ವರ್ಷದ ಮಾತು ಎಲ್ಲರೂ ಆಡುತ್ತಾರೆ. ನನಗೆ ಮುಂದಿನ ಐವತ್ತು ವರ್ಷದ ಚಿಂತೆ ಜಾಸ್ತಿ. ಯಾಕೆ ಅಂತ ಹೇಳುತ್ತೇನೆ.

ಈ ತ್ಯಾಜ್ಯ ಹುಟ್ಟುವ ರೀತಿಯೇ ಬೇರೆ. ಬಾಂಬಿಗೆ ಬೇಕಾದ ಪ್ಲುಟೋನಿಯಂ ಗಣಿ ಅಗೆದು ತೆಗೆಯುವ ವಸ್ತುವಲ್ಲ. ಯುರೇನಿಯಂ ಅನ್ನು ರಿಯಾಕ್ಟರ್ ಒಳಗೆ ಇಟ್ಟಾಗ ಅದರ ಒಂದು ಚೂರು ಭಾಗ ಪ್ಲುಟೋನಿಯಂ ಆಗಿ ಬದಲಾಗುತ್ತದೆ. ಬಾಂಬ್‌ಗೆ ಬೇಕಾದ ಗುಣಮಟ್ಟ ಬೇಕಿದ್ದರೆ ಯುರೇನಿಯಂ ಅನ್ನು ಬೇಗ ಹೊರತೆಗೆಯಬೇಕು. ಹೀಗಾಗಿ ಒಂದು ಟನ್ ಯುರೇನಿಯಂನಿಂದ ಸಿಗುವುದು ಕೆಲವು ನೂರು ಗ್ರಾಂ ಪ್ಲುಟೋನಿಯಂ ಅಷ್ಟೇ. ಅಷ್ಟನ್ನು ಬೇರ್ಪಡಿಸಲು ಇಡೀ ಟನ್ನನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಪ್ಲುಟೋನಿಯಂ ಒಂದು ಕಡೆ ಹೋಗುತ್ತದೆ. ಸೀಸಿಯಂ, ಸ್ಟ್ರಾನ್ಷಿಯಂ, ಟೆಕ್ನೀಷಿಯಂ, ಅಯೋಡಿನ್ ಮುಂತಾದ ಹತ್ತಾರು ಮೂಲವಸ್ತುಗಳು, ಆಮ್ಲ, ದ್ರಾವಕ, ಬಳಸಿದ ಎಲ್ಲ ರಾಸಾಯನಿಕ ಇನ್ನೊಂದು ಕಡೆ ಉಳಿಯುತ್ತವೆ. ಆ ಇನ್ನೊಂದು ಕಡೆಯದ್ದೇ ನಾವು ಮಾತಾಡುತ್ತಿರುವ ತ್ಯಾಜ್ಯ.

ವಿದ್ಯುತ್ ಸ್ಥಾವರದಿಂದ ಹೊರಬಂದ ಬಳಸಿದ ಇಂಧನವೂ ಅಪಾಯಕಾರಿಯೇ. ಆದರೆ ಅದು ಲೋಹದ ಕೊಳವೆಯೊಳಗೆ ಭದ್ರವಾಗಿರುವ ಗಟ್ಟಿ ಬಿಲ್ಲೆಗಳ ರೂಪದಲ್ಲಿರುತ್ತದೆ. ಎಣಿಸಬಹುದು, ಎತ್ತಿಡಬಹುದು. ಬಾಂಬ್ ಕಾರ್ಖಾನೆಯದ್ದು ಹಾಗಲ್ಲ. ಅದನ್ನು ಕರಗಿಸಿ, ಕಲಸಿ, ಟ್ಯಾಂಕಿಗೆ ಬಿಟ್ಟಾಗಿದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ದಡದಲ್ಲಿರುವ ಹ್ಯಾನ್‌ಫರ್ಡ್ ಇದಕ್ಕೆ ದೊಡ್ಡ ಉದಾಹರಣೆ. 1943ರಲ್ಲಿ ಯುದ್ಧದ ಅವಸರದಲ್ಲಿ ಕಟ್ಟಿದ್ದು. ನಾಗಸಾಕಿ ಮೇಲೆ ಹಾಕಿದ ಬಾಂಬಿನ ಪ್ಲುಟೋನಿಯಂ ಅಲ್ಲಿಂದಲೇ ಬಂದದ್ದು. ಆಮೇಲೆ ಶೀತಲ ಸಮರ ಮುಗಿಯುತ್ತಾ ಬರುವವರೆಗೂ ಅಲ್ಲಿ ಒಂಬತ್ತು ರಿಯಾಕ್ಟರುಗಳು ಬಂದು ಹೋದವು. ಅಮೆರಿಕದ ಅಸ್ತ್ರಗಳಿಗೆ ಬೇಕಾದ ಪ್ಲುಟೋನಿಯಂನಲ್ಲಿ ಸುಮಾರು ಮೂರನೇ ಎರಡು ಪಾಲು ತಯಾರಾದದ್ದು ಅಲ್ಲೇ. ಅದರ ಬೆಲೆಯಾಗಿ ಉಳಿದಿರುವುದು ನೆಲದೊಳಗಿನ 177 ಟ್ಯಾಂಕುಗಳು ಮತ್ತು ಅವುಗಳಲ್ಲಿರುವ ಸುಮಾರು 21 ಕೋಟಿ ಲೀಟರ್ ತ್ಯಾಜ್ಯ.

ಒಂದು ಸಣ್ಣ ತೀರ್ಮಾನ ಎಷ್ಟು ದೂರ ಬರುತ್ತದೆ ನೋಡಿ. ಯುದ್ಧಕಾಲದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸುಲಭವಾಗಿ ಸಿಗುತ್ತಿರಲಿಲ್ಲ. ಆದ್ದರಿಂದ ಟ್ಯಾಂಕಿನ ಒಳಗೋಡೆಗೆ ಸಾಮಾನ್ಯ ಉಕ್ಕನ್ನೇ ಬಳಸಿದರು. ಆಮ್ಲ ಆ ಉಕ್ಕನ್ನು ತಿಂದುಬಿಡುತ್ತದೆ. ಅದಕ್ಕಾಗಿ ತ್ಯಾಜ್ಯಕ್ಕೆ ಕಾಸ್ಟಿಕ್ ಸೋಡಾ ಸುರಿದು ಕ್ಷಾರ ಮಾಡಿದರು. ಉಕ್ಕು ಉಳಿಯಿತು. ಆದರೆ ತ್ಯಾಜ್ಯದ ಪ್ರಮಾಣ ಏರಿತು. ಲೋಹಗಳೆಲ್ಲ ತಳಕ್ಕೆ ಇಳಿದು ದಪ್ಪ ಕೆಸರಾದವು. ಮೇಲಿನ ನೀರನ್ನು ಆವಿ ಮಾಡಿದಾಗ ಸೋಡಿಯಂ ಉಪ್ಪುಗಳು ಕಲ್ಲಿನಂತೆ ಹೆಪ್ಪುಗಟ್ಟಿದವು. ಹೀಗೆ ಒಂದೇ ದ್ರವವಾಗಿದ್ದದ್ದು ಮೂರು ರೂಪದ ತ್ಯಾಜ್ಯವಾಯಿತು. ಅಮೆರಿಕದ ಇನ್ನೊಂದು ರಾಜ್ಯವಾದ ಇಡಾಹೊದಲ್ಲಿ ತ್ಯಾಜ್ಯವನ್ನು ಆಮ್ಲವಾಗಿಯೇ ಉಳಿಸಿ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿನಲ್ಲಿ ಇಟ್ಟರು. ಆಮೇಲೆ ಅದರಲ್ಲಿ ಬಹುಪಾಲನ್ನು ಬಿಸಿ ಮಾಡಿ ಒಣ ಹರಳಿನ ಪುಡಿಯಾಗಿ ಮಾಡಿದರು. ಅಲ್ಲಿನ ತಲೆನೋವು ಹ್ಯಾನ್‌ಫರ್ಡ್‌ಗೆ ಹೋಲಿಸಿದರೆ ಎಷ್ಟೋ ಕಡಿಮೆ.

ಹ್ಯಾನ್‌ಫರ್ಡ್‌ನ 177 ಟ್ಯಾಂಕುಗಳಲ್ಲಿ 149ಕ್ಕೆ ಒಂದೇ ಪದರದ ಉಕ್ಕಿನ ಗೋಡೆ. ಅವು ಕೆಲವು ದಶಕ ಬಾಳಲಿ ಎಂದು ಮಾತ್ರ ಕಟ್ಟಿದವು. ಅಷ್ಟರಲ್ಲಿ ಯಾರಾದರೂ ಶಾಶ್ವತ ದಾರಿ ಹುಡುಕುತ್ತಾರೆ ಎನ್ನುವ ನಂಬಿಕೆ ಇತ್ತು. ಇವುಗಳಲ್ಲಿ ಅರವತ್ತಕ್ಕೂ ಹೆಚ್ಚು ಸೋರಿವೆ ಎಂದು ಲೆಕ್ಕ. ಒಟ್ಟು ಸುಮಾರು 38 ಲಕ್ಷ ಲೀಟರ್ ಮಣ್ಣಿಗೆ ಇಳಿದಿದೆ. ಆಮೇಲೆ ಎರಡು ಪದರದ 28 ಟ್ಯಾಂಕು ಕಟ್ಟಿ, ಹಳೆಯವುಗಳಿಂದ ಪಂಪಿಗೆ ಸಿಕ್ಕಷ್ಟು ದ್ರವವನ್ನು ಅವಕ್ಕೆ ಸಾಗಿಸಿದರು. 2012ರಲ್ಲಿ ಆ ಹೊಸ ಟ್ಯಾಂಕುಗಳಲ್ಲೂ ಒಂದರ ಒಳಗೋಡೆ ಸೋರುತ್ತಿರುವುದು ಗೊತ್ತಾಯಿತು.

ಟ್ಯಾಂಕಿನ ಸೋರಿಕೆ ಸುದ್ದಿಯಾಗುತ್ತದೆ. ಬೇಕೆಂದೇ ಮಣ್ಣಿಗೆ ಬಿಟ್ಟದ್ದರ ಮಾತು ಅಷ್ಟಾಗಿ ಬರುವುದಿಲ್ಲ. ವಿಕಿರಣ ಕಡಿಮೆ ಇದ್ದ ದ್ರವವನ್ನು ಹಳ್ಳ ತೋಡಿ ನೇರವಾಗಿ ನೆಲಕ್ಕೆ ಬಿಡುವುದೇ ಅಲ್ಲಿ ಪದ್ಧತಿಯಾಗಿತ್ತು. ಹಾಗೆ ಹೋದದ್ದು ಸುಮಾರು 1.7 ಲಕ್ಷ ಕೋಟಿ ಲೀಟರ್. ಮಣ್ಣು ಸೋಸಿ ಹಿಡಿದುಕೊಳ್ಳುತ್ತದೆ ಎಂದು ಭಾವಿಸಿದ್ದರು. ಸೀಸಿಯಂ ಅನ್ನು ಮಣ್ಣು ಹಿಡಿದುಕೊಂಡಿತು, ನಿಜ. ಟೆಕ್ನೀಷಿಯಂ, ಅಯೋಡಿನ್, ಕ್ರೋಮಿಯಂ ನಿಲ್ಲಲಿಲ್ಲ. ನೀರಿನ ಜೊತೆ ಇಳಿದು ಅಂತರ್ಜಲ ಸೇರಿದವು. ಈಗ ಆ ನೀರನ್ನು ಪಂಪ್ ಮಾಡಿ ಮೇಲೆತ್ತಿ, ಶುದ್ಧೀಕರಿಸಿ, ಮತ್ತೆ ಒಳಗೆ ಬಿಡುವ ಕೆಲಸ ನಡೆಯುತ್ತಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವಿಕಿರಣ ತ್ಯಾಜ್ಯ ಎಂದ ಕೂಡಲೇ ಎಲ್ಲರ ಗಮನ ವಿಕಿರಣದ ಮೇಲೆ ಹೋಗುತ್ತದೆ, ಅಲ್ವಾ? ಆರೋಗ್ಯ ಕೆಡಿಸುವುದು ಅದೇ ಹೌದು. ಆದರೆ ಈ ತ್ಯಾಜ್ಯದ ದೊಡ್ಡ ಅವಘಡಗಳನ್ನು ಒಂದೊಂದಾಗಿ ನೋಡಿ. ಅವುಗಳನ್ನು ಶುರು ಮಾಡಿದ್ದು ರಸಾಯನಶಾಸ್ತ್ರ.

ಸೋವಿಯತ್ ಒಕ್ಕೂಟದ ಮಾಯಕ್ ಕಾರ್ಖಾನೆ ಉರಲ್ ಪ್ರದೇಶದ್ದು. 1949ರಿಂದ 1956ರವರೆಗೆ ಅಲ್ಲಿಂದ ಟೆಚಾ ನದಿಗೆ ಬಿಟ್ಟ ದ್ರವ ತ್ಯಾಜ್ಯ ಸುಮಾರು 7.6 ಕೋಟಿ ಘನ ಮೀಟರ್. ಕೆಳಗಿನ ಹಳ್ಳಿಗಳ ಜನ ಅದೇ ನೀರು ಕುಡಿಯುತ್ತಿದ್ದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಈ ವಿಷಯ ಬರೆಯುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮುಂದೆ ತೀವ್ರ ವಿಕಿರಣದ ತ್ಯಾಜ್ಯವನ್ನು ಟ್ಯಾಂಕುಗಳಲ್ಲಿ ಇಡತೊಡಗಿದರು. ಅದು ತನ್ನ ವಿಕಿರಣದಿಂದಲೇ ಬಿಸಿಯಾಗುತ್ತಿರುತ್ತದೆ. ಹಾಗಾಗಿ ಸುತ್ತ ನೀರು ಹರಿಸಿ ತಂಪು ಮಾಡಬೇಕು. ಒಂದು ಟ್ಯಾಂಕಿನ ತಂಪು ಮಾಡುವ ವ್ಯವಸ್ಥೆ ಕೆಟ್ಟಿತು. ಅದು ಯಾರ ಗಮನಕ್ಕೂ ಬರಲಿಲ್ಲ. ಒಳಗಿನ ನೀರು ಆವಿಯಾಗಿ ಹೋಗಿ ನೈಟ್ರೇಟ್ ಮತ್ತು ಅಸಿಟೇಟ್ ಉಪ್ಪುಗಳು ಒಣಗಿ ಉಳಿದವು. 1957ರ ಸೆಪ್ಟೆಂಬರ್ 29ರಂದು ಅವು ಸ್ಫೋಟಿಸಿದವು. ಅದು ಅಣುಸ್ಫೋಟ ಅಲ್ಲ. ಸಿಡಿಮದ್ದಿನ ಜಾತಿಯ ರಾಸಾಯನಿಕ ಸ್ಫೋಟ. ಸುಮಾರು 2 ಕೋಟಿ ಕ್ಯೂರಿ (ಕ್ಯೂರಿ ಎಂದರೆ ವಿಕಿರಣ ಅಳೆಯುವ ಒಂದು ಮಾನ) ವಿಕಿರಣ ವಸ್ತು ಟ್ಯಾಂಕಿನಿಂದ ಹೊರಬಂತು. ಹೆಚ್ಚಿನದು ಅಲ್ಲೇ ಬಿತ್ತು. ಹತ್ತನೇ ಒಂದು ಪಾಲು ಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಉದ್ದಕ್ಕೆ ಹರಡಿತು. ಹೊರಜಗತ್ತಿಗೆ ಈ ಸುದ್ದಿಯನ್ನು 1976ರಲ್ಲಿ ತಿಳಿಸಿದವರು ದೇಶ ಬಿಟ್ಟು ಬಂದಿದ್ದ ಜೀವವಿಜ್ಞಾನಿ ಜೋರೆಸ್ ಮೆದ್ವೆದೆವ್. ಸರ್ಕಾರ ಒಪ್ಪಿಕೊಳ್ಳುವಾಗ 1989 ಆಗಿತ್ತು.

ಹ್ಯಾನ್‌ಫರ್ಡ್‌ನ ಒಂದು ಟ್ಯಾಂಕಿನಲ್ಲಿ ಇನ್ನೊಂದು ರೀತಿ ಆಯಿತು. ವಿಕಿರಣ ಮತ್ತು ರಾಸಾಯನಿಕಗಳು ಸೇರಿ ಹೈಡ್ರೋಜನ್ ಅನಿಲ ಹುಟ್ಟುತ್ತಿತ್ತು. ತಳದ ದಪ್ಪ ಕೆಸರು ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಕೆಲವು ತಿಂಗಳಿಗೊಮ್ಮೆ ಅದೆಲ್ಲ ಒಟ್ಟಿಗೆ ಮೇಲೆದ್ದು ಬರುತ್ತಿತ್ತು. ಒಂದು ಕಿಡಿ ಸಾಕಿತ್ತು. 1993ರಲ್ಲಿ ಒಳಗೆ ದೊಡ್ಡ ಕಲಕುವ ಪಂಪ್ ಇಳಿಸಿ, ಅನಿಲ ಒಂದೇ ಸಲ ಶೇಖರವಾಗದಂತೆ ಸ್ವಲ್ಪ ಸ್ವಲ್ಪವೇ ಬಿಡುಗಡೆ ಆಗುವ ಹಾಗೆ ಮಾಡಿದರು. ಸರಳ ಉಪಾಯ. ಆದರೆ ಅದಕ್ಕೆ ಮುಂಚೆ ಟ್ಯಾಂಕಿನೊಳಗೆ ನಡೆಯುತ್ತಿರುವುದೇನು ಎಂದು ಅರ್ಥ ಮಾಡಿಕೊಳ್ಳಲು ವರ್ಷಗಳೇ ಬೇಕಾದವು.

ಮೂರನೆಯದು ತೀರ ಈಚಿನದು. ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಹತ್ತಿರ ನೆಲದಾಳದ ಉಪ್ಪಿನ ಪದರದಲ್ಲಿ ವಿಪ್ ಎನ್ನುವ ಶಾಶ್ವತ ಭಂಡಾರ ಇದೆ. ಅದರ ಬಗ್ಗೆ ಮುಂದೆ ಬರೆಯುತ್ತೇನೆ. 2014ರ ಫೆಬ್ರವರಿ 14ರಂದು ಅಲ್ಲಿಟ್ಟಿದ್ದ ಒಂದು ಡ್ರಮ್ ಬಿಸಿಯೇರಿ ಮುಚ್ಚಳ ಕಿತ್ತುಕೊಂಡಿತು. ಆ ಡ್ರಮ್ ಬಂದದ್ದು ಲಾಸ್ ಅಲಾಮೋಸ್ ಪ್ರಯೋಗಾಲಯದಿಂದ. ತೇವ ಹೀರಲೆಂದು ಅದರಲ್ಲಿ ಬೆಕ್ಕಿನ ಮಲ ತೆಗೆಯಲು ಬಳಸುವ ಪುಡಿ ಹಾಕುತ್ತಿದ್ದರು. ಕೇಳಲು ವಿಚಿತ್ರ ಅನಿಸಿದರೂ ಜೇಡಿಮಣ್ಣಿನಿಂದ ಮಾಡಿದ ಪುಡಿ ಆ ಕೆಲಸಕ್ಕೆ ಒಳ್ಳೆಯದೇ. ಆದರೆ ಈ ಡ್ರಮ್ಮಿಗೆ ಹಾಕಿದ್ದು ಗೋಧಿಯಿಂದ ಮಾಡಿದ ಪುಡಿ. ನೈಟ್ರೇಟ್ ಉಪ್ಪಿನ ಜೊತೆ ಸಸ್ಯಮೂಲದ ಪದಾರ್ಥ ಸೇರಿದರೆ ಅದು ತಾನಾಗಿ ಬಿಸಿಯಾಗುವ ಮಿಶ್ರಣ. ಇಪ್ಪತ್ತಕ್ಕೂ ಹೆಚ್ಚು ಕೆಲಸಗಾರರ ದೇಹಕ್ಕೆ ಅಲ್ಪ ಪ್ರಮಾಣದಲ್ಲಿ ವಿಕಿರಣ ವಸ್ತು ಸೇರಿತು. ಭಂಡಾರ ಸುಮಾರು ಮೂರು ವರ್ಷ ಮುಚ್ಚಿತು.

ಮೂರು ಕಡೆಯೂ ಮೂಲ ಒಂದೇ. ಮಿಶ್ರಣದೊಳಗೆ ಏನಿದೆ, ಅದು ಒಂದಕ್ಕೊಂದು ಏನು ಮಾಡುತ್ತದೆ ಎನ್ನುವುದು ಗೊತ್ತಿಲ್ಲದಿರುವುದು, ಇಲ್ಲವೇ ಗೊತ್ತಿದ್ದೂ ಗಮನಿಸದಿರುವುದು. ಆದ್ದರಿಂದಲೇ ಈ ಕ್ಷೇತ್ರದಲ್ಲಿ ಬಹಳಷ್ಟು ದುಡಿಮೆ ಹೋಗುವುದು ಹೂಳುವುದಕ್ಕಲ್ಲ. ಮಾದರಿ ತೆಗೆಯುವುದು, ಪರೀಕ್ಷಿಸುವುದು, ದಾಖಲೆ ಹೊಂದಿಸುವುದು. ಮನುಷ್ಯ ಹತ್ತಿರ ಹೋಗಲಾರದ ಟ್ಯಾಂಕಿನೊಳಗಿಂದ ಒಂದಿಷ್ಟು ಕೆಸರು ಮೇಲೆತ್ತುವುದೇ ದೊಡ್ಡ ಕೆಲಸ. ಅದೂ ಆ ಒಂದು ಜಾಗದ ಕೆಸರಿನ ಬಗ್ಗೆ ಮಾತ್ರ ಹೇಳುತ್ತದೆ. ಹತ್ತು ಅಡಿ ಆಚೆ ಬೇರೆಯದೇ ಇರಬಹುದು. ಹ್ಯಾನ್‌ಫರ್ಡ್‌ನಲ್ಲಿ ಪ್ಲುಟೋನಿಯಂ ಬೇರ್ಪಡಿಸಲು ಒಂದಾದ ಮೇಲೊಂದು ಮೂರು ಬೇರೆ ಬೇರೆ ವಿಧಾನ ಬಳಸಿದರು. ಮೂರರದ್ದೂ ರಾಸಾಯನಿಕ ಬೇರೆ. ಟ್ಯಾಂಕಿನಿಂದ ಟ್ಯಾಂಕಿಗೆ ತ್ಯಾಜ್ಯವನ್ನು ಪದೇ ಪದೇ ವರ್ಗಾಯಿಸಿದರು. ಮಧ್ಯದಲ್ಲಿ ಹಳೆಯ ಟ್ಯಾಂಕುಗಳಿಂದ ಯುರೇನಿಯಂ ವಾಪಸ್ ತೆಗೆದರು. ಸೀಸಿಯಂ ಕೆಳಗಿಳಿಸಲು ಫೆರೊಸಯನೈಡ್ ಸೇರಿಸಿದರು. ಸೀಸಿಯಂ, ಸ್ಟ್ರಾನ್ಷಿಯಂ ಒಂದಷ್ಟನ್ನು ಬೇರೆ ಮಾಡಿ 1,936 ಲೋಹದ ಕ್ಯಾಪ್ಸೂಲುಗಳಿಗೆ ತುಂಬಿ ನೀರಿನ ಕೊಳದಲ್ಲಿಟ್ಟರು. ಇಷ್ಟೆಲ್ಲ ಆದ ಮೇಲೆ ಯಾವ ಟ್ಯಾಂಕಿನಲ್ಲಿ ಏನಿದೆ ಎಂದು ಕಾಗದ ನೋಡಿ ಹೇಳುವುದು ಕಷ್ಟ.

ಈಗ ಗಾಜು. ನೀವು ಕೇಳಿದ ಹಾಗೆ ತೀವ್ರ ತ್ಯಾಜ್ಯಕ್ಕೆ ಇದೇ ಸರಿಯಾದ ರೂಪ. ಬೊರೊಸಿಲಿಕೇಟ್ ಗಾಜಿನ ಪುಡಿಯ ಜೊತೆ ಕೆಸರನ್ನು ಸೇರಿಸಿ ಸುಮಾರು 1,150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸುತ್ತಾರೆ. ಕರಗಿದ್ದನ್ನು ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚಿ ಬೆಸುಗೆ ಹಾಕುತ್ತಾರೆ. ತ್ಯಾಜ್ಯದ ಮೇಲೆ ಗಾಜಿನ ಹೊದಿಕೆ ಹಾಕುತ್ತಾರೆ ಎಂದು ಕೆಲವರು ತಿಳಿದಿರುತ್ತಾರೆ. ಹಾಗಲ್ಲ. ಬಣ್ಣದ ಬಳೆಯಲ್ಲಿ ಬಣ್ಣ ಗಾಜಿನೊಳಗೇ ಇರುತ್ತದಲ್ಲ, ಹಾಗೆ ಸೀಸಿಯಂ, ಸ್ಟ್ರಾನ್ಷಿಯಂ ಪರಮಾಣುಗಳು ಗಾಜಿನ ರಚನೆಯ ಭಾಗವೇ ಆಗಿಬಿಡುತ್ತವೆ. ಗಾಜು ಒಡೆದರೂ ಅವು ಉದುರುವುದಿಲ್ಲ. ನೀರು ಬಂದು ಗಾಜನ್ನೇ ಕರಗಿಸಬೇಕು. ಅದು ಬಹಳ ನಿಧಾನ.

ಇದು ಹೊಸ ಪ್ರಯೋಗವಲ್ಲ. ಫ್ರಾನ್ಸ್‌ನ ಮಾರ್ಕೂಲ್‌ನಲ್ಲಿ 1978ರಿಂದಲೇ ಕೈಗಾರಿಕಾ ಮಟ್ಟದಲ್ಲಿ ಶುರುವಾಯಿತು. ಅಮೆರಿಕದ ಸೌತ್ ಕ್ಯಾರೊಲಿನಾದ ಸವಾನಾ ರಿವರ್ ಕಾರ್ಖಾನೆಯಲ್ಲಿ 1996ರಿಂದ ನಡೆಯುತ್ತಿದೆ. ಅಲ್ಲಿ ಈವರೆಗೆ ತುಂಬಿದ ಡಬ್ಬಿಗಳು ನಾಲ್ಕು ಸಾವಿರಕ್ಕೂ ಹೆಚ್ಚು. ಒಂದೊಂದೂ ಮೂರು ಮೀಟರ್ ಎತ್ತರ, ಅರವತ್ತು ಸೆಂಟಿಮೀಟರ್ ಅಗಲ. ಸವಾನಾದಲ್ಲೂ 51 ಟ್ಯಾಂಕು ಇದ್ದವು. ಅವುಗಳಲ್ಲಿ ಎಂಟನ್ನು 2016ರ ಹೊತ್ತಿಗೆ ಖಾಲಿ ಮಾಡಿ, ಉಳಿದ ತಳದ ಲೇಪಕ್ಕೆ ಸಿಮೆಂಟ್ ಗಾರೆ ತುಂಬಿ ಮುಚ್ಚಿದ್ದಾರೆ. ಕೆಲಸ ಆಗುತ್ತದೆ ಎನ್ನಲು ನಾನು ಕೊಡುವ ಗಟ್ಟಿ ಸಾಕ್ಷಿ ಇದು.

ಹಾಗಾದರೆ ಹ್ಯಾನ್‌ಫರ್ಡ್‌ನಲ್ಲಿ ಯಾಕೆ ತಡ? ಗಾಜಿನ ಕಾರ್ಖಾನೆ ಕಟ್ಟಲು ಶುರು ಮಾಡಿದ್ದು 2002ರಲ್ಲಿ. ಕಡಿಮೆ ವಿಕಿರಣದ ಭಾಗವನ್ನು ಗಾಜು ಮಾಡಲು ಶುರುವಾದದ್ದು 2025ರಲ್ಲಿ. ತೀವ್ರ ವಿಕಿರಣದ ಕೆಸರಿನ ಸರದಿ ಇನ್ನೂ ಬಂದಿಲ್ಲ. ಕಾರಣ ಮತ್ತೆ ಅದೇ ಮಿಶ್ರಣ. ಗಾಜಿನೊಳಗೆ ಎಲ್ಲವೂ ಒಂದೇ ರೀತಿ ಕರಗುವುದಿಲ್ಲ. ಕ್ರೋಮಿಯಂ, ಸಲ್ಫೇಟ್ ಜಾಸ್ತಿ ಇದ್ದರೆ ಬೇರೆಯಾಗಿ ನಿಲ್ಲುತ್ತವೆ. ಟೆಕ್ನೀಷಿಯಂ, ಅಯೋಡಿನ್ ಆ ಬಿಸಿಗೆ ಆವಿಯಾಗಿ ಚಿಮಣಿಯ ಕಡೆ ಓಡುತ್ತವೆ. ಅವನ್ನು ಹಿಡಿಯಬೇಕು. ಹಿಡಿದ ಫಿಲ್ಟರು, ತೊಳೆದ ನೀರು ಮತ್ತೆ ತ್ಯಾಜ್ಯವೇ. ಕಾರ್ಖಾನೆಯೊಳಗಿನ ಕಲಕುವ ಪಾತ್ರೆಗಳಲ್ಲಿ ಕೆಸರು ಕೂರದಂತೆ, ಹೈಡ್ರೋಜನ್ ಶೇಖರವಾಗದಂತೆ ನೋಡಿಕೊಳ್ಳುವುದು ಹೇಗೆ ಎನ್ನುವುದು ಇತ್ಯರ್ಥವಾಗದೆ ಕಟ್ಟಡದ ಕೆಲಸ ವರ್ಷಗಟ್ಟಲೆ ನಿಂತಿತು. ಏನು ಒಳಗೆ ಬರುತ್ತದೆ ಎಂದು ಸರಿಯಾಗಿ ತಿಳಿಯುವ ಮೊದಲೇ ಯಂತ್ರದ ವಿನ್ಯಾಸ ಮಾಡಹೊರಟರೆ ಹೀಗೇ ಆಗುತ್ತದೆ.

ಇಲ್ಲಿ ತಜ್ಞರ ನಡುವೆ ಒಂದು ಜೋರಾದ ಚರ್ಚೆ ಇದೆ. ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಟ್ಯಾಂಕಿನ ತ್ಯಾಜ್ಯದಲ್ಲಿ ಗಾತ್ರದ ಬಹುಪಾಲು ಸೋಡಿಯಂ ಉಪ್ಪು. ಅದರಿಂದ ಸೀಸಿಯಂ ತೆಗೆದುಬಿಟ್ಟರೆ ಉಳಿಯುವುದರಲ್ಲಿ ವಿಕಿರಣ ಕಡಿಮೆ. ಸವಾನಾದಲ್ಲಿ ಆ ಭಾಗವನ್ನು ಸಿಮೆಂಟ್ ಜೊತೆ ಕಲಸಿ ಗಟ್ಟಿ ಮಾಡುತ್ತಾರೆ. ಹ್ಯಾನ್‌ಫರ್ಡ್‌ನಲ್ಲಿ ಅದನ್ನೂ ಗಾಜೇ ಮಾಡಬೇಕು ಎಂದು ವಾಷಿಂಗ್ಟನ್ ರಾಜ್ಯ ಬಹಳ ಕಾಲ ಪಟ್ಟು ಹಿಡಿದಿತ್ತು. ಆ ಜನರ ಆತಂಕ ನನಗೆ ಅರ್ಥವಾಗುತ್ತದೆ. ಕೆಳಗೆ ಅಂತರ್ಜಲ, ಪಕ್ಕದಲ್ಲಿ ನದಿ, ಹಿಂದೆ ಸಿಕ್ಕ ಭರವಸೆಗಳೆಲ್ಲ ಸುಳ್ಳಾದ ಅನುಭವ. ಆದರೂ ಸಿಮೆಂಟನ್ನು ಸುಮ್ನೆ ತಳ್ಳಿಹಾಕುವುದು ಸರಿಯಲ್ಲ ಅನ್ನುವುದು ನನ್ನ ಮಾತು. ಟೆಕ್ನೀಷಿಯಂ, ಅಯೋಡಿನ್ ಎರಡರ ಲೆಕ್ಕ ಸರಿಯಾಗಿ ಇಟ್ಟು, ಅಂತರ್ಜಲದಿಂದ ದೂರದ ಒಣ ಜಾಗದಲ್ಲಿ ಇಡುವುದಾದರೆ ಅದು ಸಾಕಷ್ಟು ಒಳ್ಳೆಯ ರೂಪ. ಎಲ್ಲಕ್ಕಿಂತ ಉತ್ತಮವಾದದ್ದಕ್ಕೆ ಕಾಯುತ್ತಾ ಕೂತರೆ ಅಷ್ಟು ದಿನವೂ ತ್ಯಾಜ್ಯ ತುಕ್ಕು ಹಿಡಿಯುವ ಟ್ಯಾಂಕಿನಲ್ಲೇ ಇರುತ್ತದೆ. ಕಾಯುವುದೂ ಒಂದು ಅಪಾಯವೇ. ಅದನ್ನು ಲೆಕ್ಕದಲ್ಲಿ ಸೇರಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಸಾವಿರಾರು ವರ್ಷ ಎಂದಿರಲ್ಲ, ಆ ಮಾತು ಅರ್ಧ ನಿಜ. ಸೀಸಿಯಂ-137ರ ಅರ್ಧಾಯು, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 30 ವರ್ಷ. ಸ್ಟ್ರಾನ್ಷಿಯಂ-90ರದ್ದು 29. ಈಗ ಟ್ಯಾಂಕಿನ ಬಿಸಿ ಮತ್ತು ತೀವ್ರ ವಿಕಿರಣ ಹೆಚ್ಚಾಗಿ ಇವೆರಡರದ್ದೇ. ಮುನ್ನೂರು ವರ್ಷದಲ್ಲಿ ಇವು ಸಾವಿರದ ಒಂದು ಭಾಗಕ್ಕೆ ಇಳಿಯುತ್ತವೆ. ಪ್ಲುಟೋನಿಯಂ-239ರ ಅರ್ಧಾಯು 24,100 ವರ್ಷ. ಇದರಿಂದ ಹೊರಡುವ ಆಲ್ಫಾ ಎಂಬ ವಿಕಿರಣ ಕಣಗಳು ಚರ್ಮ ದಾಟುವುದಿಲ್ಲ. ಆದರೆ ಉಸಿರಿನ ಜೊತೆ ಧೂಳಾಗಿ ಶ್ವಾಸಕೋಶ ಸೇರಿದರೆ ಬಹಳ ಕೆಟ್ಟದ್ದು. ಟೆಕ್ನೀಷಿಯಂ-99ಕ್ಕೆ ಸುಮಾರು 2.1 ಲಕ್ಷ ವರ್ಷ, ಅಯೋಡಿನ್-129ಕ್ಕೆ ಸುಮಾರು 1.57 ಕೋಟಿ ವರ್ಷ. ಇವುಗಳ ವಿಕಿರಣ ದುರ್ಬಲ. ಆದರೆ ನೀರಿನಲ್ಲಿ ಸಲೀಸಾಗಿ ಓಡಾಡುತ್ತವೆ. ಮೊದಲ ಮುನ್ನೂರು ವರ್ಷ ಒಂದು ಬಗೆಯ ಕಾವಲು ಬೇಕು, ಆಮೇಲಿನದಕ್ಕೆ ಇನ್ನೊಂದು ಬಗೆಯದು. ಮನುಷ್ಯರ ಕಾವಲು ಅಷ್ಟು ದೂರ ಬರುವುದಿಲ್ಲ. ಅಲ್ಲಿಂದ ಮುಂದೆ ಬಂಡೆಯನ್ನೇ ನಂಬಬೇಕು.

ಆ ಬಂಡೆಯಾಗಿ ಉಪ್ಪಿನ ಪದರವನ್ನು ಸೂಚಿಸಿದ್ದು 1957ರಲ್ಲಿ, ಅಮೆರಿಕದ ವಿಜ್ಞಾನ ಅಕಾಡೆಮಿಯ ಒಂದು ವರದಿ. ಅದರ ತರ್ಕ ಸೊಗಸಾಗಿದೆ. ನೀರು ಹರಿದಿದ್ದರೆ ಉಪ್ಪು ಕರಗಿ ಹೋಗಿರುತ್ತಿತ್ತು. ಉಪ್ಪು ಇನ್ನೂ ಅಲ್ಲಿದೆ ಅಂದರೆ ಅಷ್ಟು ಕಾಲ ಅಲ್ಲಿ ನೀರು ಹರಿದಿಲ್ಲ. ಇನ್ನೊಂದು ಗುಣವೂ ಇದೆ. ಆಳದ ಒತ್ತಡದಲ್ಲಿ ಉಪ್ಪು ನಿಧಾನವಾಗಿ ಜರುಗುತ್ತದೆ. ಕೊರೆದ ಕೋಣೆಯ ಗೋಡೆಗಳು ವರ್ಷಕ್ಕೆ ಇಷ್ಟಿಷ್ಟೇ ಹತ್ತಿರ ಬಂದು, ಕೊನೆಗೆ ಒಳಗಿಟ್ಟದ್ದನ್ನು ತಾವೇ ಅಪ್ಪಿಕೊಂಡು ಮುಚ್ಚಿಬಿಡುತ್ತವೆ. ವಿಪ್ ಭಂಡಾರ ಇರುವುದು ಇಂಥ ಉಪ್ಪಿನಲ್ಲಿ. ಆಳ 655 ಮೀಟರ್. ಆ ಪದರದ ವಯಸ್ಸು ಸುಮಾರು 25 ಕೋಟಿ ವರ್ಷ. 1999ರ ಮಾರ್ಚ್‌ನಲ್ಲಿ ಮೊದಲ ಲಾರಿ ಬಂತು.

ಅಲ್ಲಿಗೆ ಹೋಗುವುದು ಬಾಂಬ್ ತಯಾರಿಕೆಯ ಒಂದು ಬಗೆಯ ತ್ಯಾಜ್ಯ ಮಾತ್ರ. ಪ್ಲುಟೋನಿಯಂ ಅಂಟಿದ ಕೈಗವಸು, ಉಪಕರಣ, ಚಿಂದಿ, ಗಟ್ಟಿ ಮಾಡಿದ ಕೆಸರು. ಡೆನ್ವರ್ ಹತ್ತಿರದ ರಾಕಿ ಫ್ಲಾಟ್ಸ್‌ನಲ್ಲಿ ಬಾಂಬಿನ ನಡುವೆ ಕೂರುವ ಪ್ಲುಟೋನಿಯಂ ಗೋಳಗಳನ್ನು ತಯಾರಿಸುತ್ತಿದ್ದರು. ಅದನ್ನು ಕೆಡವಿ 2005ರಲ್ಲಿ ಶುದ್ಧೀಕರಣ ಮುಗಿಸಲು ಸಾಧ್ಯವಾದದ್ದು ಕಳಿಸಲು ವಿಪ್ ಎಂಬ ಜಾಗ ಇತ್ತು ಅನ್ನುವುದಕ್ಕೇ.

ತೀವ್ರ ತ್ಯಾಜ್ಯದ ಗಾಜಿನ ಡಬ್ಬಿಗಳಿಗೆ ಮಾತ್ರ ಇನ್ನೂ ಜಾಗ ಇಲ್ಲ. ಕಾನೂನಿನ ಪ್ರಕಾರ ಅವು ವಿಪ್‌ಗೆ ಹೋಗುವಂತಿಲ್ಲ. ನೆವಾಡಾದ ಯುಕ್ಕಾ ಪರ್ವತಕ್ಕೆ ಹೋಗಬೇಕಿತ್ತು. 1987ರಲ್ಲಿ ಅಮೆರಿಕದ ಸಂಸತ್ತು ಬೇರೆ ಜಾಗಗಳ ಅಧ್ಯಯನ ನಿಲ್ಲಿಸಿ ಅದೊಂದನ್ನೇ ಉಳಿಸಿತು. ನೆವಾಡಾದ ಜನ ಒಪ್ಪಲೇ ಇಲ್ಲ. ಒಬಾಮಾ ಸರ್ಕಾರ ಬಂದ ಮೇಲೆ ಯೋಜನೆ ನಿಂತಿತು. ಅಲ್ಲಿನ ಬಂಡೆ ಒಳ್ಳೆಯದೋ ಕೆಟ್ಟದ್ದೋ ಎನ್ನುವ ಚರ್ಚೆ ಬೇರೆ. ಜನರನ್ನು ಕೇಳದೆ ಅವರ ನೆಲ ಆರಿಸಿದ್ದೇ ಮೊದಲ ತಪ್ಪು. ಅದಕ್ಕೂ ಮುಂಚೆ ಕ್ಯಾನ್ಸಸ್‌ನ ಲಯನ್ಸ್ ಎಂಬಲ್ಲಿ ಹಳೆಯ ಉಪ್ಪಿನ ಗಣಿಯೊಂದನ್ನು ಆರಿಸಿದ್ದರು. ಸುತ್ತಮುತ್ತ ತೈಲಕ್ಕೆಂದು ಹಿಂದೆ ಕೊರೆದ ಬಾವಿಗಳಿದ್ದವು. ಅವುಗಳ ಮೂಲಕ ನೀರು ಇಳಿಯಬಹುದು ಎಂದು ರಾಜ್ಯದ ಭೂವಿಜ್ಞಾನಿಗಳು ಎಚ್ಚರಿಸಿದರು. 1970ರ ದಶಕದ ಆರಂಭದಲ್ಲಿ ಅದನ್ನು ಕೈಬಿಡಬೇಕಾಯಿತು. ಸ್ಥಳೀಯರ ವಿರೋಧ ಎಂದರೆ ಸುಮ್ನೆ ಅಡ್ಡಗಾಲು ಎಂದುಕೊಳ್ಳುವವರು ಲಯನ್ಸ್ ಕಥೆ ಓದಬೇಕು. ಅಲ್ಲಿ ಸ್ಥಳೀಯರು ಹೇಳಿದ್ದೇ ಸರಿಯಾಗಿತ್ತು.

ಸೂರ್ಯನ ವಿಷಯ. ಇದನ್ನು ಬಹಳ ಜನ ಕೇಳುತ್ತಾರೆ. ಸೂರ್ಯನೊಳಗೆ ಬೀಳಿಸುವುದು ನಾವು ಅಂದುಕೊಂಡಷ್ಟು ಸುಲಭವಲ್ಲ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ. ಇಲ್ಲಿಂದ ಹೊರಟ ರಾಕೆಟ್‌ಗೂ ಆ ವೇಗ ಇರುತ್ತದೆ. ಅಷ್ಟನ್ನೂ ಕಳೆದುಕೊಂಡರೆ ಮಾತ್ರ ಅದು ನೇರ ಸೂರ್ಯನಿಗೆ ಬೀಳುತ್ತದೆ. ಸೌರಮಂಡಲ ಬಿಟ್ಟೇ ಹೋಗುವುದು ಅದಕ್ಕಿಂತ ಸುಲಭ. ಅದಕ್ಕಿಂತ ದೊಡ್ಡ ಮಾತು, ರಾಕೆಟ್ ಕೆಟ್ಟರೆ? 1964ರಲ್ಲಿ ಅಮೆರಿಕದ ಒಂದು ಉಪಗ್ರಹ ಕಕ್ಷೆ ತಲುಪದೆ ವಾತಾವರಣದಲ್ಲಿ ಉರಿದುಹೋಯಿತು. ಅದರಲ್ಲಿದ್ದದ್ದು ಸುಮಾರು ಒಂದು ಕಿಲೋ ಪ್ಲುಟೋನಿಯಂ-238. ಅದು ಪುಡಿಯಾಗಿ ಜಗತ್ತಿನ ಗಾಳಿಯಲ್ಲಿ ಹರಡಿತು. ನಾವು ಮಾತಾಡುತ್ತಿರುವುದು ಸಾವಿರಾರು ಟನ್. ಇದನ್ನು ಹೊತ್ತ ಒಂದು ರಾಕೆಟ್ ಕೂಡ ಬೀಳಬಾರದು. ಅಂಥ ರಾಕೆಟ್ ಯಾರ ಹತ್ತಿರವೂ ಇಲ್ಲ.

ಸಮುದ್ರದ ದಾರಿ ಮುಚ್ಚಿದೆ. ವಿಕಿರಣ ತ್ಯಾಜ್ಯವನ್ನು ಸಮುದ್ರಕ್ಕೆ ಎಸೆಯುವುದನ್ನು ಲಂಡನ್ ಒಪ್ಪಂದದ ದೇಶಗಳು 1993ರಲ್ಲಿ ಪೂರ್ತಿ ನಿಷೇಧಿಸಿದವು. ರಷ್ಯಾದಲ್ಲಿ ತೋಮ್ಸ್ಕ್ ಮತ್ತು ಕ್ರಾಸ್ನೊಯಾರ್ಸ್ಕ್ ಬಳಿಯ ಬಾಂಬ್ ಕಾರ್ಖಾನೆಗಳು ದ್ರವ ತ್ಯಾಜ್ಯವನ್ನು ಹಾಗೇ ಆಳದ ಮರಳುಗಲ್ಲಿನ ಪದರಗಳಿಗೆ ಪಂಪ್ ಮಾಡಿದವು. ನನಗೆ ಇದು ಒಪ್ಪಿಗೆಯಿಲ್ಲ. ಗಟ್ಟಿ ರೂಪ ಇಲ್ಲ, ಡಬ್ಬಿ ಇಲ್ಲ, ವಾಪಸ್ ತೆಗೆಯುವ ದಾರಿಯೂ ಇಲ್ಲ. ಬಂಡೆಯೊಂದೇ ಎಲ್ಲ ಭಾರ ಹೊರಬೇಕು.

ಬಂಡೆ ಹೊರುತ್ತದೆಯೇ ಎನ್ನುವುದಕ್ಕೆ ಪ್ರಕೃತಿಯಲ್ಲೇ ಒಂದು ಉದಾಹರಣೆ ಇದೆ. ಆಫ್ರಿಕಾದ ಗಬಾನ್ ದೇಶದ ಓಕ್ಲೋ ಎಂಬಲ್ಲಿ ಸುಮಾರು 200 ಕೋಟಿ ವರ್ಷ ಹಿಂದೆ ಯುರೇನಿಯಂ ಅದಿರು ತಾನಾಗಿಯೇ ರಿಯಾಕ್ಟರ್ ಆಗಿ ಉರಿದಿತ್ತು. 1972ರಲ್ಲಿ ಇದು ಗೊತ್ತಾಯಿತು. ಆಗ ಹುಟ್ಟಿದ ಪ್ಲುಟೋನಿಯಂ ಹೆಚ್ಚೇನೂ ಸರಿದಾಡದೆ ಇದ್ದಲ್ಲೇ ಕ್ಷಯಿಸಿ ಹೋದ ಗುರುತುಗಳಿವೆ. ಸೀಸಿಯಂನಂಥ ಹಗುರವಾಗಿ ಓಡಾಡುವವು ಅಷ್ಟು ಚೆನ್ನಾಗಿ ಉಳಿಯಲಿಲ್ಲ. ಡಬ್ಬಿ, ಗಾಜು ಯಾವುದೂ ಇಲ್ಲದೆ ಇಷ್ಟಾದರೂ ನಿಂತಿತು ಎನ್ನುವುದು ಧೈರ್ಯ ಕೊಡುವ ವಿಷಯ. ಎಲ್ಲವೂ ನಿಲ್ಲಲಿಲ್ಲ ಎನ್ನುವುದಕ್ಕಾಗಿಯೇ ಗಾಜು ಬೇಕು.

ಕೊನೆಯದಾಗಿ, ಮುಂದೆ ಬರುವವರಿಗೆ ತಿಳಿಸುವುದು ಹೇಗೆ? ವಿಪ್‌ಗೆ ನಿಯಮ ಹೇಳುವುದು ಹೀಗೆ. ಹತ್ತು ಸಾವಿರ ವರ್ಷದ ಸುರಕ್ಷತೆಯ ಲೆಕ್ಕ ತೋರಿಸಬೇಕು. ಆದರೆ ಮುಚ್ಚಿದ ಮೇಲೆ ನೂರು ವರ್ಷಕ್ಕಿಂತ ಹೆಚ್ಚು ಕಾಲ ಯಾರೋ ಕಾವಲಿರುತ್ತಾರೆ ಎಂದು ಲೆಕ್ಕದಲ್ಲಿ ಹಿಡಿಯುವಂತಿಲ್ಲ. ಯಾರಾದರೂ ಮರೆತು ಕೊರೆದೇ ಕೊರೆಯುತ್ತಾರೆ ಎಂದು ಹಿಡಿದು, ಆಗಲೂ ಹೊರಬರುವುದು ಮಿತಿಯೊಳಗೇ ಇರುತ್ತದೆ ಎಂದು ತೋರಿಸಬೇಕು. ಇದು ಪ್ರಾಮಾಣಿಕ ನಿಯಮ. ಆ ಭಾಗದಲ್ಲಿ ತೈಲ ಮತ್ತು ಅನಿಲ ಇರುವುದರಿಂದ ಕೊರೆಯುವ ಸಾಧ್ಯತೆ ನಿಜವಾದದ್ದೇ. ಎಚ್ಚರಿಕೆಗಾಗಿ ಸುತ್ತ ದೊಡ್ಡ ಮಣ್ಣಿನ ದಿಬ್ಬ, ಗ್ರಾನೈಟ್ ಕಂಬಗಳು, ಅಲ್ಲಿನ ಮೂಲನಿವಾಸಿಗಳ ನವಾಹೊ ಸೇರಿ ಏಳು ಭಾಷೆಗಳ ಬರಹ, ಬೇರೆ ಬೇರೆ ಕಡೆ ದಾಖಲೆಗಳ ಪ್ರತಿ ಇಡುವ ಯೋಜನೆ ಇದೆ. ಕಲ್ಲಿನ ಬರಹ ಓದಿ ಜನ ದೂರ ಹೋಗುತ್ತಾರೆ ಎಂಬ ನಂಬಿಕೆ ನನಗೆ ಅಷ್ಟಿಲ್ಲ. ಯಾರೂ ಓದದಿದ್ದರೂ ಅನಾಹುತ ಆಗದಂತೆ ಇಡುವುದೇ ಸರಿ.

ಆದರೆ ಈ ಚರ್ಚೆಗೆ ಸಿಗುವ ಗಮನದಲ್ಲಿ ಕಾಲು ಭಾಗವಾದರೂ ಈಗಿನ ಟ್ಯಾಂಕುಗಳಿಗೆ ಸಿಗಬೇಕು. ಹ್ಯಾನ್‌ಫರ್ಡ್‌ನ ಒಂದೇ ಗೋಡೆಯ 149 ಟ್ಯಾಂಕುಗಳಲ್ಲಿ ಪೂರ್ತಿ ಖಾಲಿ ಮಾಡಿದ್ದು ಇಪ್ಪತ್ತರ ಆಸುಪಾಸು. ಅಲ್ಲಿ ಕೆಲಸ ಮಾಡುವವರು ಟ್ಯಾಂಕಿನಿಂದ ಬರುವ ಅಮೋನಿಯಾ ಮುಂತಾದ ಆವಿಗಳ ಬಗ್ಗೆ ವರ್ಷಗಳಿಂದ ದೂರು ಕೊಡುತ್ತಾ ಬಂದಿದ್ದಾರೆ. ಬಾಂಬ್ ಕಾರ್ಖಾನೆಗಳ ಕಾಯಿಲೆಬಿದ್ದ ಕೆಲಸಗಾರರಿಗೆ ಪರಿಹಾರ ಕೊಡುವ ಕಾನೂನು ಅಮೆರಿಕದಲ್ಲಿ ಬಂದದ್ದು 2000ದಲ್ಲಿ, ಹ್ಯಾನ್‌ಫರ್ಡ್‌ನ ಮೊದಲ ರಿಯಾಕ್ಟರ್ ಉರಿದು ಐವತ್ತಾರು ವರ್ಷ ಆದ ಮೇಲೆ. ಯಾವುದೇ ದೇಶದ ಯೋಜನೆ ಬಗ್ಗೆ ಓದುವಾಗ ಮೂರು ವಿಷಯ ಹುಡುಕಿ ನೋಡಿ: ಟ್ಯಾಂಕಿನಲ್ಲಿ ಏನಿದೆ ಎಂದು ಅಳೆದು ನೋಡಿದ್ದಾರಾ, ಗಟ್ಟಿ ರೂಪಕ್ಕೆ ಬಂದದ್ದು ಎಷ್ಟು, ಆ ಅಂಕಿಗಳನ್ನು ಕಾರ್ಖಾನೆಗೆ ಸಂಬಂಧವಿಲ್ಲದವರು ಪರೀಕ್ಷಿಸಲು ಅವಕಾಶ ಇದೆಯಾ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಮೊದಲ ಎರಡರ ಅಂಕಿಗಳನ್ನು ನಾನು ನಂಬುವುದಿಲ್ಲ.